ಕೇಳದೆ ನಿಂತವರಿಗೆ ಏನು ತೂಗಿಕೊಡಲಿ?

ಇವತ್ತಿನ ನನ್ನ ಮಾತು ಈ ಬೇಸಿಗೆ ಕಳೆದ ಕೂಡಲೆ ಕಾಲೇಜಿಗೆ ಹೊರಡಲಿರುವ ನಮ್ಮ ಮಕ್ಕಳಿಗೆ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಅವರೂ ಕೇಳಲಿ, ಅಡ್ಡಿಯಿಲ್ಲ.

ಇಲ್ಲಿ ಅಮೆರಿಕದಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ಪಾಠ ಹೇಳುವುದು ನನ್ನ ಹಲವು ವರ್ಷಗಳ ಅಭ್ಯಾಸ. ಅಲ್ಲಿ ಅ ಆ ಇ ಈ ತಿದ್ದಿದ ಮಕ್ಕಳು ಈಗ ಸೂಟ್‌ಕೇಸ್ ಕಟ್ಟುತ್ತಿದ್ದಾರೆ. ಮೊನ್ನೆ ಒಬ್ಬ ಹುಡುಗ ಕೇಳಿದ, "ಆಂಟಿ, ನಿಮಗೆ ಮತ್ತೆ 17 ವರ್ಷ ಆದ್ರೆ ಕಾಲೇಜಿಗೆ ಹೇಗೆ ರೆಡಿ ಆಗ್ತೀರಾ?" ಆಗ ನಗುತ್ತಾ ಏನೋ ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಸರಿಯಾದ ಉತ್ತರ ಇವತ್ತು ಹೇಳುತ್ತೇನೆ.

1997ರಲ್ಲಿ ನಾನು ಪಿಯುಸಿ ಮುಗಿಸಿದೆ. ಹಾಸನ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ಅಪ್ಪನದು ದಿನಸಿ ಅಂಗಡಿ. ಕನ್ನಡ ಮಾಧ್ಯಮದಲ್ಲಿ ಓದಿ ನಮ್ಮ ಕಾಲೇಜಿಗೇ ಮೊದಲು ಬಂದಿದ್ದೆ. ಬಿ.ಎ.ಗೆ ಮೈಸೂರು ಸೇರಿದೆ. ಕೆಂಪು ಬಸ್ಸಿನ ಮೇಲೆ ಟ್ರಂಕು, ಟ್ರಂಕಿನೊಳಗೆ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಹೊಸ ಬೆಡ್‌ಶೀಟು. ಏನೂ ಮರೆತಿಲ್ಲ ಅಂದುಕೊಂಡಿದ್ದೆ.

ಇತಿಹಾಸ, ಅರ್ಥಶಾಸ್ತ್ರ, ಕನ್ನಡ ನನ್ನ ವಿಷಯಗಳು. ಅರ್ಥಶಾಸ್ತ್ರದ ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಮೇಷ್ಟ್ರು "ಎಲಾಸ್ಟಿಸಿಟಿ ಆಫ್ ಡಿಮ್ಯಾಂಡ್" ಅಂದರೆ ನನಗೆ ಲಂಗಕ್ಕೆ ಹಾಕುವ ಎಲಾಸ್ಟಿಕ್ ಒಂದೇ ಗೊತ್ತು. ಅಂಗಡಿಯವನ ಮಗಳು ನಾನು. ಬೆಲ್ಲದ ಬೆಲೆ ಏರಿದರೆ ಜನ ಎಷ್ಟು ಕಡಿಮೆ ಕೊಳ್ಳುತ್ತಾರೆ, ಉಪ್ಪಿನ ಬೆಲೆ ಏರಿದರೂ ಯಾಕೆ ಕೊಳ್ಳುತ್ತಲೇ ಇರುತ್ತಾರೆ ಎಂಬುದು ಚಿಕ್ಕಂದಿನಿಂದ ಕಣ್ಣಾರೆ ಕಂಡ ವಿಷಯ. ಮೇಷ್ಟ್ರು ಹೇಳುತ್ತಿದ್ದದ್ದು ಅದನ್ನೇ ಎಂದು ಕೈ ಎತ್ತಿ ಕೇಳಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಕೇಳಲಿಲ್ಲ. ಊರಿಗೇ ಮೊದಲು ಬಂದವಳು "ಗೊತ್ತಾಗಲಿಲ್ಲ ಸಾರ್" ಅನ್ನುವುದು ಹೇಗೆ? ಇಡೀ ವರ್ಷ ತಲೆ ಆಡಿಸಿಕೊಂಡು ಕೂತೆ.

ಪರೀಕ್ಷೆಯಲ್ಲಿ ಬಾಯಿಪಾಠ ಮಾಡಿದ ಇಂಗ್ಲಿಷ್ ಅರ್ಧಕ್ಕೆ ಮರೆತುಹೋಯಿತು. 21 ಅಂಕ ಬಂತು, ಪಾಸಾಗಲು 35 ಬೇಕಿತ್ತು. ಮನೆಗೆ ಇನ್‌ಲ್ಯಾಂಡ್ ಲೆಟರ್‌ನಲ್ಲಿ "ಎಲ್ಲ ಪಾಸಾಗಿದ್ದೇನೆ" ಎಂದು ಬರೆದೆ. ಆ ಒಂದು ಸಾಲು ಬರೆದ ಮೇಲೆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಎರಡನೇ ವರ್ಷದ ಫೀಸು ಕಟ್ಟಲು ಅಪ್ಪನೇ ಬಂದರು. ಕೌಂಟರಿನಲ್ಲಿದ್ದ ಗುಮಾಸ್ತರು ಕಾಗದ ನೋಡಿ, "ಎಕನಾಮಿಕ್ಸ್ ಒಂದು ಉಳಿಸ್ಕೊಂಡಿದಾಳೆ ನೋಡಿ" ಅಂದುಬಿಟ್ಟರು. ಅಪ್ಪ ಏನೂ ಮಾತಾಡಲಿಲ್ಲ. ಫೀಸು ಕಟ್ಟಿ, ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ಹೇಳಿದರು. ನನಗೆ ಗಂಟಲಲ್ಲಿ ಇಳಿಯುತ್ತಿಲ್ಲ. ಆಗ ಅವರು ಹೇಳಿದ್ದು: "ಫೇಲಾಗಿದ್ದಕ್ಕೆ ಬೇಜಾರಿಲ್ಲ ಕಣಮ್ಮ. ನಮ್ಮ ಅಂಗಡಿಗೆ ದಿನಾ ಎಷ್ಟೋ ಜನ ಬಂದು ಅದೇನು, ಇದೆಷ್ಟು ಅಂತ ಕೇಳ್ತಾರೆ. ಯಾರನ್ನೂ ನಾನು ದಡ್ಡರು ಅಂದ್ಕೊಂಡಿಲ್ಲ. ಕೇಳದೆ ನಿಂತವರಿಗೆ ಏನು ತೂಗಿಕೊಡಲಿ ಹೇಳು?"

ಆ ವಾರವೇ ಹಾಸ್ಟೆಲಿನ ಒಬ್ಬ ಅಕ್ಕನ ಹತ್ತಿರ ಎಲ್ಲ ಹೇಳಿಕೊಂಡೆ. ಅವರು ಬೆರಗಾಗಿ, "ಇಂಗ್ಲಿಷಲ್ಲಿ ಯಾಕೆ ಬರೆದೆ? ಉತ್ತರ ಕನ್ನಡದಲ್ಲಿ ಬರೀಬಹುದಲ್ಲ!" ಅಂದರು. ಪಾಠ ಇಂಗ್ಲಿಷಿನಲ್ಲಾದರೂ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿತ್ತು. ಇಡೀ ಹಾಸ್ಟೆಲಿಗೆ ಗೊತ್ತಿದ್ದ ವಿಷಯ ನನಗೊಬ್ಬಳಿಗೆ ಗೊತ್ತಿರಲಿಲ್ಲ, ನಾನು ಯಾರನ್ನೂ ಕೇಳಿರಲಿಲ್ಲ. ಮುಂದಿನ ಸಲ ಕನ್ನಡದಲ್ಲಿ ಬರೆದು 61 ತೆಗೆದೆ. ಆಮೇಲೆ ಕನ್ನಡದಲ್ಲೇ ಎಂ.ಎ. ಮಾಡಿದೆ.

ಇದು ನಿಮ್ಮ ಅಪ್ಪ ಅಮ್ಮನ ಕಾಲದ ಹಳೆಯ ಕಥೆ ಎಂದು ಅನ್ನಿಸಬಹುದು. ಹಾಗಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕ್ರಿಸ್‌ಮಸ್ ರಜೆಗೆ ಬಂದಾಗ ನಮ್ಮ ಅಡುಗೆಮನೆಯಲ್ಲಿ ನಿಂತು, "ಆಂಟಿ, ಕೆಮಿಸ್ಟ್ರಿ ಫೇಲ್ ಆಗಿದೆ, ಅಮ್ಮಂಗೆ ಗೊತ್ತಿಲ್ಲ" ಎಂದು ಅತ್ತಳು. ಹೈಸ್ಕೂಲಿನಲ್ಲಿ ಎಲ್ಲದರಲ್ಲೂ ಎ ತೆಗೆದ ಹುಡುಗಿ. ಮೊದಲ ಮಿಡ್‌ಟರ್ಮ್‌ನಲ್ಲಿ ಕಡಿಮೆ ಬಂದಾಗ ನಾಚಿಕೆಯಾಗಿ ತರಗತಿಗೇ ಹೋಗುವುದು ಬಿಟ್ಟಿದ್ದಳು. ವಿಷಯ ಬಿಡಲು ಇದ್ದ ಗಡುವೂ ಅಷ್ಟರಲ್ಲಿ ದಾಟಿತ್ತು. ಅವಳನ್ನು ನೋಡಿದಾಗ ನನಗೆ ಆ ಇನ್‌ಲ್ಯಾಂಡ್ ಲೆಟರ್ ನೆನಪಾಯಿತು.

ನನ್ನ ಸುಳ್ಳು ಕೌಂಟರಿನಲ್ಲಿ ಬಯಲಾಯಿತು, ಅದು ನನ್ನ ಪುಣ್ಯ. ಇಲ್ಲಿ ಹಾಗಾಗುವುದಿಲ್ಲ. ಫರ್ಪಾ ಎಂಬ 1974ರ ಕಾನೂನಿನ ಪ್ರಕಾರ, ನೀವು ಕಾಲೇಜು ಸೇರಿದ ಮೇಲೆ ನಿಮ್ಮ ಓದಿನ ದಾಖಲೆಗಳ ಹಕ್ಕು ನಿಮ್ಮದು. ಕೆಲವು ವಿನಾಯಿತಿಗಳಿವೆಯಾದರೂ, ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಇಲ್ಲದೆ ಕಾಲೇಜಿನವರು ಮನೆಯವರಿಗೆ ಗ್ರೇಡು ಹೇಳುವುದಿಲ್ಲ. ಫೀಸು ಅಪ್ಪನೇ ಕಟ್ಟಿದರೂ ಅಷ್ಟೇ. ಒಳ್ಳೆಯ ಕಾನೂನು, ನಿಮ್ಮನ್ನು ದೊಡ್ಡವರೆಂದು ಒಪ್ಪುತ್ತದೆ. ಆದರೆ ಮುಚ್ಚಿಡಬೇಕೆಂದರೆ ತಿಂಗಳುಗಟ್ಟಲೆ ಮುಚ್ಚಿಡಬಹುದು, ಕೇಳುವವರು ಯಾರೂ ಇರುವುದಿಲ್ಲ.

ಹಾಗಾಗಿ 17ರ ನನಗೆ, ಜೊತೆಗೆ ನಿಮಗೆ, ಹೇಳುವುದು ಇಷ್ಟು.

ಮೊದಲನೆಯದು, ಪ್ರತಿ ವಿಷಯದ ಸಿಲಬಸ್ಸನ್ನು ಮೊದಲ ವಾರವೇ ಕೂತು ಓದು. ಪರೀಕ್ಷೆಯ ದಿನ, ಯಾವುದಕ್ಕೆ ಎಷ್ಟು ಅಂಕ, ಎಲ್ಲ ಅದರಲ್ಲಿದೆ. ಕಾಲೇಜಿನ ಕ್ಯಾಲೆಂಡರ್ ತೆಗೆದು, ವಿಷಯ ಬಿಡಲು ಇರುವ ಕೊನೆಯ ದಿನವನ್ನು ಫೋನಿನಲ್ಲಿ ಹಾಕಿಕೋ. ಆ ದಿನದೊಳಗೆ ಬಿಟ್ಟರೆ ಸಾಮಾನ್ಯವಾಗಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ‘ಡಬ್ಲ್ಯೂ’ ಬೀಳುತ್ತದೆ, ಅದು ಜಿಪಿಎ ಲೆಕ್ಕಕ್ಕೆ ಬರುವುದಿಲ್ಲ. ‘ಎಫ್’ ಬರುತ್ತದೆ. ಆದರೆ 12 ಕ್ರೆಡಿಟ್‌ಗಿಂತ ಕಡಿಮೆಯಾದರೆ ಸ್ಕಾಲರ್‌ಶಿಪ್ಪಿಗೆ ಪೆಟ್ಟು ಬೀಳಬಹುದು. ಬಿಡುವ ಮುಂಚೆ ಅಡ್ವೈಸರ್‌ನ್ನು ಕೇಳು.

ಎರಡನೆಯದು, ಆಫೀಸ್ ಅವರ್ಸ್. ಪ್ರೊಫೆಸರ್ ನಿನಗಾಗಿ ಬಾಗಿಲು ತೆರೆದಿಟ್ಟು ಕೂರುವ ಹೊತ್ತು ಅದು. ಎಷ್ಟೋ ಸಲ ಯಾರೂ ಹೋಗುವುದೇ ಇಲ್ಲ. ಮೊದಲ 3 ವಾರದೊಳಗೆ ಒಂದು ಸಲ ಹೋಗು, ತೊಂದರೆ ಇರದಿದ್ದರೂ ಹೋಗು. "ಇಲ್ಲಿಯವರೆಗೆ ಅರ್ಥವಾಗಿದೆ, ಇಲ್ಲಿಂದ ಮುಂದೆ ತಪ್ಪಿತು" ಎಂದು ಪುಸ್ತಕದಲ್ಲಿ ಬೆರಳಿಟ್ಟು ತೋರಿಸು. ಅಷ್ಟು ಸಾಕು.

ಮೂರನೆಯದು, ಹೊತ್ತಿನ ಲೆಕ್ಕ. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ತರಗತಿ, ಹೊರಗೆ 2 ಗಂಟೆ ಓದು ಎಂಬುದು ಇಲ್ಲಿನ ವಾಡಿಕೆ. 15 ಕ್ರೆಡಿಟ್ ಅಂದರೆ 45 ಗಂಟೆ. ತರಗತಿ ಬರೀ 15 ಗಂಟೆ ಇರುವುದನ್ನು ನೋಡಿ, ಬೇಕಾದಷ್ಟು ಬಿಡುವಿದೆ ಎಂದು ಮೋಸಹೋಗಬೇಡ.

ನಾಲ್ಕನೆಯದೇ ದೊಡ್ಡದು. ಹೊರಡುವ ಮುಂಚೆ ಮನೆಯಲ್ಲಿ ಒಂದು ಮಾತಾಗಲಿ. "ಕೆಟ್ಟ ಸುದ್ದಿ ಬಂದರೆ ಮೊದಲು ನಿಮಗೇ ಹೇಳುತ್ತೇನೆ, ಆ ದಿನ ನೀವು ಬೈಯಬಾರದು." ಅಪ್ಪ ಅಮ್ಮಂದಿರೇ, ಇದಕ್ಕೆ ಹೂಂ ಅನ್ನಿ. ನಾಲ್ಕು ಜನ ಏನಂತಾರೆ ಎನ್ನುವ ಮಾತನ್ನು ಆ ದಿನ ಬಾಯಿಗೆ ತರಬೇಡಿ. ಬೈಯುವುದಿದ್ದರೆ ಮರುದಿನ ಬೈಯಿರಿ! ಇನ್ನು, ಮನೆಗೂ ಹೇಳಲಾಗದಷ್ಟು ಮನಸ್ಸು ಕುಗ್ಗಿದರೆ ಕ್ಯಾಂಪಸ್ಸಿನ ಕೌನ್ಸೆಲಿಂಗ್ ಕೇಂದ್ರಕ್ಕೆ ಹೋಗಿ. ನಡುರಾತ್ರಿಯಾದರೂ 988ಕ್ಕೆ ಕರೆ ಮಾಡಬಹುದು, ಮೆಸೇಜೂ ಕಳಿಸಬಹುದು. ಇದೂ ಕೇಳುವುದೇ, ಇದರಲ್ಲೂ ಮರ್ಯಾದೆ ಹೋಗುವುದಿಲ್ಲ.

ನೀವು ಜಾಣರು ಎಂದು ನನಗೆ ಗೊತ್ತು. ಹೈಸ್ಕೂಲಿನಲ್ಲಿ ಯಾರನ್ನೂ ಏನೂ ಕೇಳುವ ಪ್ರಸಂಗವೇ ನಿಮಗೆ ಬಂದಿರಲಿಕ್ಕಿಲ್ಲ. ನನಗೂ ಬಂದಿರಲಿಲ್ಲ, ಅದಕ್ಕೇ ಕೇಳುವುದು ಕಲಿತಿರಲಿಲ್ಲ. ಅನ್ನ ಸಾರು ಮಾಡುವುದನ್ನು ಈ ಬೇಸಿಗೆಯಲ್ಲಿ ಹೇಗೆ ಕಲಿಯುತ್ತೀರೋ, ಹಾಗೆ ಇದನ್ನೂ ಅಭ್ಯಾಸ ಮಾಡಿ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ ನಿಮ್ಮ ಪ್ರಶ್ನೆ ನೀವೇ ಕೇಳಿ, ಅಮ್ಮನಿಂದ ಕೇಳಿಸಬೇಡಿ.

ಆ ಹುಡುಗಿ ಅದೇ ಸಂಜೆ ನಮ್ಮ ಮನೆಯಿಂದಲೇ ಅವಳಮ್ಮನಿಗೆ ಫೋನ್ ಮಾಡಿದಳು. ಆ ಕಡೆಯಿಂದ ತುಂಬಾ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಅವರು ಕೇಳಿದ್ದು, "ಊಟ ಆಯ್ತಾ?" ಮುಂದಿನ ಸೆಮಿಸ್ಟರಿನಲ್ಲಿ ಅದೇ ಕೆಮಿಸ್ಟ್ರಿ ಮತ್ತೆ ತೆಗೆದುಕೊಂಡಳು, ವಾರವಾರ ಆಫೀಸ್ ಅವರ್ಸ್‌ಗೆ ಹೋದಳು, ಪಾಸಾದಳು.

ನಮ್ಮಪ್ಪನ ಅಂಗಡಿ ಈಗಿಲ್ಲ, ಅಪ್ಪನೂ ಇಲ್ಲ. ಅವರ ಆ ಒಂದು ಮಾತನ್ನು ನಿಮ್ಮ ಸೂಟ್‌ಕೇಸಿನಲ್ಲಿ ಇಟ್ಟು ಕಳಿಸುತ್ತಿದ್ದೇನೆ. ಚಟ್ನಿಪುಡಿಯನ್ನು ಹೇಗೂ ನಿಮ್ಮಮ್ಮ ಇಟ್ಟಿರುತ್ತಾರೆ. ಎಲ್ಲರಿಗೂ ಶುಭವಾಗಲಿ.