ತೂಕ ಬದಲಾಗುತ್ತದೆ, ರಾಶಿ ಬದಲಾಗುವುದಿಲ್ಲ

(ಬೊಮ್ಮನಹಾಳಿನಲ್ಲಿ ಕನ್ನಡ ಮಾಧ್ಯಮ ಅಧ್ಯಾಪಕರಿಗಾಗಿ ನೀಡಿದ ಉಪನ್ಯಾಸ)



ರಾಯದುರ್ಗ, ಮಡಕಶಿರ ಸೀಮೆಗಳ ಕನ್ನಡ ಶಾಲೆಗಳಲ್ಲಿ ವಿಜ್ಞಾನ ಬೋಧಿಸುವ ತಮ್ಮೆದುರು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮಾತನ್ನು ಆರಂಭಿಸುತ್ತೇನೆ. ವೃತ್ತಿಗೆ ಸೇರಿದ ಹೊಸದರಲ್ಲಿ ನಾನು, “ಚಂದ್ರನ ಮೇಲೆ ಗಾಳಿಯಿಲ್ಲ, ಆದುದರಿಂದ ಗುರುತ್ವವೂ ಇಲ್ಲ” ಎಂದು ತರಗತಿಯಲ್ಲಿ ಹೇಳಿಬಿಟ್ಟೆ. ಹಿಂದಿನ ಸಾಲಿನ ಬಾಲಕಿಯೊಬ್ಬಳು ಎದ್ದು, “ಹಂಗಾದ್ರೆ ಅಲ್ಲಿಗೆ ಹೋದೋರು ನೆಲದ ಮ್ಯಾಲೆ ಹೆಂಗ ನಿಂತ್ರು ಸಾರ್?” ಎಂದು ಕೇಳಿದಳು. ಉತ್ತರ ತಿಳಿಯದ ನಾನು ಆಕೆಯನ್ನು ಗದರಿಸಿ ಕೂರಿಸಿದೆ. ಆ ವರ್ಷವೆಲ್ಲ ಆಕೆ ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಈ ಪಾಠದ ತೊಡಕು ಭಾಷೆಯಲ್ಲಿಯೇ ಆರಂಭವಾಗುತ್ತದೆ. ನಮ್ಮ ಮಕ್ಕಳಿಗೆ ‘ರಾಶಿ’ ಎಂದರೆ ಕಣದಲ್ಲಿ ಒಟ್ಟಿದ ಧಾನ್ಯ, ಇಲ್ಲವೇ ಜಾತಕದ ರಾಶಿ. ವಿಜ್ಞಾನದಲ್ಲಿ ರಾಶಿ ಎಂದರೆ ಒಂದು ವಸ್ತುವಿನಲ್ಲಿ ಅಡಗಿರುವ ದ್ರವ್ಯದ ಪ್ರಮಾಣ. ಅದರ ಮಾನ ಕಿಲೋಗ್ರಾಂ. ಆ ವಸ್ತುವನ್ನು ಗ್ರಹವು ತನ್ನೆಡೆಗೆ ಸೆಳೆಯುವ ಬಲವೇ ತೂಕ. ಅದರ ಮಾನ ನ್ಯೂಟನ್. ಸಂತೆಯಲ್ಲಿ ನಾವು ಎರಡನ್ನೂ ‘ಕಿಲೋ’ ಎನ್ನುತ್ತೇವೆ. ಭೂಮಿಯನ್ನು ಬಿಟ್ಟು ಹೋಗದಿರುವವರೆಗೆ ಅದರಿಂದ ಬಾಧಕವಿಲ್ಲ. ಹೊರಟೊಡನೆ ಎರಡೂ ಬೇರೆಯಾಗುತ್ತವೆ.

ಸೆಳೆತದ ಪ್ರಮಾಣವನ್ನು ಎರಡು ಅಂಶಗಳು ನಿರ್ಧರಿಸುತ್ತವೆ ಎಂಬುದನ್ನು ನ್ಯೂಟನ್ 1687ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಗ್ರಹದ ರಾಶಿ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ಅದರ ಕೇಂದ್ರದಿಂದ ದೂರ ಇಮ್ಮಡಿಯಾದರೆ ಸೆಳೆತ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಶನಿಗ್ರಹ ಇದಕ್ಕೆ ಉತ್ತಮ ನಿದರ್ಶನ. ಅದರ ರಾಶಿ ಭೂಮಿಯ ಸುಮಾರು 95 ಪಟ್ಟು. ಆದರೆ ತ್ರಿಜ್ಯವೂ ಒಂಬತ್ತು ಪಟ್ಟಿಗೂ ಮಿಗಿಲು. ಆದಕಾರಣ ಅಲ್ಲಿಯ ಗುರುತ್ವ ನಮ್ಮದಕ್ಕಿಂತ ಸ್ವಲ್ಪವೇ ಅಧಿಕ.

40 ಕಿಲೋಗ್ರಾಂ ರಾಶಿಯ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿ. ಭೂಮಿಯಲ್ಲಿ ಅವನ ತೂಕ ಸುಮಾರು 392 ನ್ಯೂಟನ್. ಚಂದ್ರನ ಮೇಲೆ 65, ಮಂಗಳದಲ್ಲಿ 148, ಶನಿಯಲ್ಲಿ 418, ಗುರುವಿನಲ್ಲಿ 992. ಶನಿ, ಗುರುಗಳಿಗೆ ನಿಲ್ಲಲು ಗಟ್ಟಿ ನೆಲವಿಲ್ಲ. ಈ ಅಂಕಿಗಳು ಅವುಗಳ ಮೋಡಗಳ ಮೇಲ್ಮಟ್ಟಕ್ಕೆ ಸಲ್ಲುವಂಥವು. ಎಲ್ಲೆಡೆಯೂ ಅವನ ರಾಶಿ 40 ಕಿಲೋಗ್ರಾಂ ಮಾತ್ರ. ಚಂದ್ರನಿಗೆ ಹೋದವನು ಬಡಕಲಾಗುವುದಿಲ್ಲ, ಗುರುವಿಗೆ ಹೋದವನು ದಪ್ಪನಾಗುವುದಿಲ್ಲ.

ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. 2023ರ ಜುಲೈ 14ರಂದು ನಮ್ಮ ಆಂಧ್ರದ ಶ್ರೀಹರಿಕೋಟದಿಂದ ಮೇಲೇರಿದ ಚಂದ್ರಯಾನ-3, ಆಗಸ್ಟ್ 23ರಂದು ಚಂದ್ರನ ಮೇಲಿಳಿಯಿತು. ಅದನ್ನು ನೋಡಿಕೊಂಡವರು ಬೆಂಗಳೂರಿನ ಕೇಂದ್ರದಲ್ಲಿದ್ದರು. ಅದರೊಳಗಿನ ‘ಪ್ರಜ್ಞಾನ್’ ಗಾಲಿಬಂಡಿಯ ರಾಶಿ 26 ಕಿಲೋಗ್ರಾಂ. ಚಂದ್ರನ ಮೇಲೆ ಅದನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದ್ದರೆ ಮುಳ್ಳು ನಾಲ್ಕೂಕಾಲು ಕಿಲೋದ ಬಳಿ ನಿಲ್ಲುತ್ತಿತ್ತು.

ತರಗತಿಯಲ್ಲಿ ಎರಡು ತಕ್ಕಡಿಗಳನ್ನಿರಿಸಿ. ಎರಡು ತಟ್ಟೆಯ ತಕ್ಕಡಿಯಲ್ಲಿ ಒಂದು ಕಿಲೋ ತೂಕದ ಕಲ್ಲಿಗೆ ಸಮನಾಗಿ ಶೇಂಗಾ ತೂಗಿ. ಚಂದ್ರನ ಮೇಲೂ ಆ ತಟ್ಟೆಗಳು ಸಮವಾಗಿಯೇ ನಿಲ್ಲುತ್ತವೆ, ಏಕೆಂದರೆ ಕಲ್ಲಿನ ಸೆಳೆತವೂ ಶೇಂಗಾದ ಸೆಳೆತವೂ ಒಂದೇ ಪ್ರಮಾಣದಲ್ಲಿ ತಗ್ಗುತ್ತವೆ. ಸ್ಪ್ರಿಂಗ್ ತಕ್ಕಡಿ ಮಾತ್ರ ಆರನೆಯ ಒಂದು ಭಾಗವನ್ನು ತೋರಿಸುತ್ತದೆ. ಮೊದಲನೆಯದು ರಾಶಿಯನ್ನು ಹೋಲಿಸುತ್ತದೆ, ಎರಡನೆಯದು ಬಲವನ್ನು ಅಳೆಯುತ್ತದೆ.

ಬಳಿಕ ಹಗರಿಯ ಮರಳನ್ನು ನಾಲ್ಕು ಚೀಲಗಳಿಗೆ ತುಂಬಿಸಿ: ಭೂಮಿಗೆ 1 ಕಿಲೋ, ಚಂದ್ರನಿಗೆ 165 ಗ್ರಾಂ, ಮಂಗಳಕ್ಕೆ 380 ಗ್ರಾಂ, ಗುರುವಿಗೆ ಎರಡೂವರೆ ಕಿಲೋ. ಒಂದೊಂದನ್ನೂ ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ಒಂದು ಎಚ್ಚರಿಕೆ ಅಗತ್ಯ. ಇಲ್ಲಿ ನಾವು ಮರಳನ್ನೇ ಹೆಚ್ಚು ಕಡಿಮೆ ಮಾಡಿದ್ದೇವೆ. ಗ್ರಹಗಳಲ್ಲಿ ಮರಳು ಅಷ್ಟೇ ಇದ್ದು ಸೆಳೆತ ಮಾತ್ರ ವ್ಯತ್ಯಾಸವಾಗುತ್ತದೆ. ಇದನ್ನು ಹೇಳದೆ ಬಿಟ್ಟರೆ ಚಟುವಟಿಕೆಯೇ ತಪ್ಪನ್ನು ಕಲಿಸೀತು.

ಆ ಬಾಲಕಿಗೆ ಅಂದು ಕೊಡಬೇಕಾಗಿದ್ದ ಉತ್ತರವಿಷ್ಟೆ: “ಗುರುತ್ವಕ್ಕೆ ಗಾಳಿ ಬೇಕಿಲ್ಲ ತಾಯಿ. ಚಂದ್ರನಿಗೂ ಸೆಳೆತವಿದೆ, ನಮ್ಮದರ ಆರನೆಯ ಒಂದು ಭಾಗ. ಮನುಷ್ಯನನ್ನು ನೆಲದ ಮೇಲೆ ನಿಲ್ಲಿಸಲು ಅದು ಸಾಕು, ಗಾಳಿಯನ್ನು ಹಿಡಿದಿಡಲು ಸಾಲದು.” ನಾನು ಕಾರಣವನ್ನೂ ಪರಿಣಾಮವನ್ನೂ ತಿರುವುಮುರುವು ಮಾಡಿದ್ದೆ.

ಕನ್ನಡದಲ್ಲಿ ಓದುವ ಮಗು ಕನ್ನಡದಲ್ಲಿಯೇ ಸಂಶಯ ಕೇಳುತ್ತದೆ. ತಿಳಿಯದಿದ್ದರೆ, “ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ” ಎನ್ನೋಣ, ಮರುದಿನ ತಪ್ಪದೆ ಹೇಳೋಣ. ಗದರಿಸಿ ಕೂರಿಸುವುದು ಬೇಡ.