ಎಡಗಾಲಿಗೊಂದು ಬೂಟು, ಬಲಗಾಲಿಗೊಂದು

ದಾಂಡೇಲಿಯ ಬಸ್ ನಿಲ್ದಾಣದಲ್ಲಿ ನೀವು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಯಾರೋ ಹಿಂದಿನಿಂದ ಬಂದು ಬೆನ್ನು ತಟ್ಟಿ, "ಏನಪಾ, ಮುಂಡಗೋಡದಿಂದ ಯಾವಾಗ ಬಂದಿ?" ಎನ್ನುತ್ತಾರೆ. ತಿರುಗಿ ನೋಡಿದರೆ ಅವರು ನಿಮಗೆ ಅಪರಿಚಿತರು, ನೀವು ಅವರಿಗೆ ಅಪರಿಚಿತರು. ಇಬ್ಬರೂ ನಕ್ಕು ಸುಮ್ಮನಾಗುವಿರಿ. ಆದರೆ ಆತ ತಪ್ಪೊಪ್ಪದೆ, "ಇವನು ಬೇಕೆಂದೇ ಗುರುತು ಮರೆಸುತ್ತಿದ್ದಾನೆ" ಎಂದು ಹಟ ಹಿಡಿದರೆ? ಅಲ್ಲಿಗೆ ಒಂದು ನಗೆಚಿತ್ರಕ್ಕೆ ಕತೆ ಸಿಕ್ಕಂತಾಯಿತು.

ಗೂಢಚಾರರ ಚಿತ್ರವೆಂದೊಡನೆ ನಮಗೆ ನೆನಪಾಗುವುದು ದೊರೈ–ಭಗವಾನ್ ನಿರ್ದೇಶಿಸಿದ, 1968ರ 'ಗೋವಾದಲ್ಲಿ ಸಿ.ಐ.ಡಿ. 999'. ಜೋಯಿಡಾದ ಕಾಡು ದಾಟಿದರೆ ಗೋವೆಯೇ ಅಲ್ಲವೆ! ಅಲ್ಲಿ ರಾಜಕುಮಾರರು ನಿಜವಾದ ಪತ್ತೇದಾರ. ಏನೂ ಅರಿಯದ ಬಡಪಾಯಿಯೊಬ್ಬನನ್ನು ಜನ ಗೂಢಚಾರನೆಂದು ನಂಬಿದರೆ ಏನಾದೀತೆಂಬುದನ್ನು ತೋರಿಸಿದವರು ಫ್ರಾನ್ಸಿನ ಈವ್ ರೊಬೇರ್. 1972ರಲ್ಲಿ ಬಂದ ಆ ಚಿತ್ರದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, 'ಒಂದು ಕರಿಯ ಬೂಟು ತೊಟ್ಟ ಹೊಂಗೂದಲಿನ ಎತ್ತರದ ಮನುಷ್ಯ'.

ಗೂಢಚಾರ ಇಲಾಖೆಯ ಮುಖ್ಯಸ್ಥನ ಕುರ್ಚಿಯ ಮೇಲೆ ಅವನ ಕೈಕೆಳಗಿನವನಿಗೇ ಕಣ್ಣು. ಅವನನ್ನು ಬಲೆಗೆ ಕೆಡಹಲು ಮುಖ್ಯಸ್ಥ ಒಂದು ಉಪಾಯ ಹೂಡುತ್ತಾನೆ. ವಿಮಾನ ನಿಲ್ದಾಣದ ಜನಜಂಗುಳಿಯಲ್ಲಿ ಯಾರಾದರೊಬ್ಬನನ್ನು ಆರಿಸಿ, ಅವನೇ ಮಹಾ ಗೂಢಚಾರನೆಂಬಂತೆ ನಟಿಸಿದರಾಯಿತು. ಸಿಕ್ಕವನು ಒಂದು ಕಾಲಿಗೆ ಕರಿಯ ಬೂಟು, ಇನ್ನೊಂದಕ್ಕೆ ಕಂದು ಬೂಟು ತೊಟ್ಟ ಪಿಟೀಲು ವಾದಕ! ಎದುರು ಪಕ್ಷದವರು ಅವನ ಮನೆ ಜಾಲಾಡುತ್ತಾರೆ, ಮಾತು ಕದ್ದು ಕೇಳುತ್ತಾರೆ. ಅವನ ಒಂದೊಂದು ಸಾದಾ ನಡೆಯಲ್ಲೂ ಅವರಿಗೆ ಗೂಢಾರ್ಥ ಹೊಳೆಯುತ್ತದೆ. ಸುತ್ತಲೂ ಜನ ಪರಸ್ಪರ ಕೊಂದುಕೊಳ್ಳುತ್ತಿದ್ದರೂ ಅವನಿಗೆ ಅದರ ಗಾಳಿಯೂ ಸೋಕದು. 1985ರಲ್ಲಿ ಹಾಲಿವುಡ್ಡಿನವರು ಇದೇ ಕತೆಯನ್ನು ಟಾಮ್ ಹ್ಯಾಂಕ್ಸ್‌ರನ್ನು ಹಾಕಿಕೊಂಡು ತೆಗೆದರು. ಬೂಟು ಮಾತ್ರ ಕೆಂಪಾಯಿತು.

ಚಿತ್ರ ನೋಡುತ್ತ ನಾವು ನಗುವುದು ಯಾರನ್ನು? ಪಿಟೀಲಿನವನನ್ನಲ್ಲ, ಅವನ ಬೆನ್ನು ಹತ್ತಿದ ಜಾಣರನ್ನು. ಒಮ್ಮೆ ಸಂಶಯ ಹೊಕ್ಕ ಕಣ್ಣಿಗೆ ಕಂಡದ್ದೆಲ್ಲ ಸಾಕ್ಷಿಯೇ.

ಕೇಳುಗರೇ, ತೆರೆಯ ಮೇಲೆ ನಗಿಸುವ ಈ ತಪ್ಪು ಬೀದಿಯಲ್ಲಿ ನೋಯಿಸುತ್ತದೆ. ಹಳಿಯಾಳ, ಮುಂಡಗೋಡ, ಜೋಯಿಡಾಗಳ ಸಿದ್ದಿಯರನ್ನು ನೀವು ಬಲ್ಲಿರಿ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅವರು. ತಲೆತಲಾಂತರದಿಂದ ಈ ಮಣ್ಣಿನವರು; ಕೊಂಕಣಿ, ಕನ್ನಡ ಅವರ ಮನೆಮಾತು, ನೆರೆಮಾತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೂ ಪರವೂರಿಗೆ ಹೋದ ಸಿದ್ದಿ ಹುಡುಗನನ್ನು ಇಂಗ್ಲಿಷಿನಲ್ಲಿ "ನಿನ್ನದು ಯಾವ ದೇಶ?" ಎಂದು ಕೇಳುವವರಿದ್ದಾರೆ. "ಹಳಿಯಾಳ ನಮ್ಮೂರು" ಎಂದು ಅವನು ಅಚ್ಚ ಕನ್ನಡದಲ್ಲಿ ಹೇಳಿದರೂ ನಂಬದವರಿದ್ದಾರೆ.

ಗುರುತು ತಪ್ಪುವುದು ಸಹಜ. ತಪ್ಪಿತೆಂದು ತಿಳಿದ ಮೇಲೆ ಬೆನ್ನು ತಟ್ಟಿದವನಂತೆ ನಕ್ಕು, "ತಪ್ಪಾಯಿತಪ್ಪ" ಎನ್ನುವುದು ದೊಡ್ಡತನ. ಹಾಗೆನ್ನದೆ ಹಟ ಹಿಡಿದವರ ಪಾಡೇನೆಂಬುದನ್ನು ಆ ಚಿತ್ರ ನೋಡಿ ತಿಳಿಯಿರಿ, ಮನಸಾರೆ ನಗಲೂಬಹುದು.