ಮುಗಿಯದ ಯುದ್ಧದ ಬಂದೂಕು



ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು. ಈ ಮಾತನ್ನು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ‘ಹಾಗಾಗಿದ್ದರೆ, ಹೀಗಾಗಿದ್ದರೆ’ ಅಂತ ಸುಮ್ಮನೆ ಲೆಕ್ಕ ಹಾಕುವವರ ಬಾಯಿ ಮುಚ್ಚಿಸಲು ಹಿರಿಯರು ಆಡುವ ಮಾತು ಇದು. ಆದರೆ ನಿಮ್ಮಲ್ಲಿ ಅನೇಕರಿಗೆ ಈ ‘ಆಗಿದ್ದರೆ’ಯೇ ಇಷ್ಟದ ಆಟ. ಮಹಾಯುದ್ಧ ನಿಲ್ಲಲೇ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಅದೇ ಕಂದಕಗಳಲ್ಲಿ ಕಾದಾಟ ನಡೆದಿದೆ ಎನ್ನುವ ಕಾದಂಬರಿಗಳನ್ನು ಓದುತ್ತೀರಿ, ಅಂಥ ವಿಡಿಯೋ ಗೇಮ್‌ಗಳನ್ನು ಆಡುತ್ತೀರಿ. ಕೆಲವರು ಅಂಥ ಕಥೆಗಳನ್ನು ಬರೆಯುತ್ತಲೂ ಇದ್ದೀರಿ. ಅದರಲ್ಲಿ ತಪ್ಪೇನಿಲ್ಲ.

ಆ ಆಟಗಳಲ್ಲಿ ಒಂದು ವಿಷಯ ಮಾತ್ರ ಹೆಚ್ಚುಕಡಿಮೆ ಒಂದೇ. ಯುದ್ಧ ಮುಂದುವರಿದಂತೆ ಬಂದೂಕು ಚೆಂದವಾಗುತ್ತಾ ಹೋಗುತ್ತದೆ. ಹಂತ ದಾಟಿದಂತೆ ಹೊಸ ದುರ್ಬೀನು, ಹೊಸ ನಳಿಗೆ, ಇನ್ನಷ್ಟು ಗುಂಡು. ಇವತ್ತು ನಾನು ಕೇಳುವ ಪ್ರಶ್ನೆ ಇಷ್ಟೇ: ಯುದ್ಧ ನಿಜಕ್ಕೂ ಮುಗಿಯದೇ ಹೋಗಿದ್ದರೆ ಸೈನಿಕನ ಕೈಯಲ್ಲಿ ಎಂಥ ಬಂದೂಕು ಇರುತ್ತಿತ್ತು?

ಇದಕ್ಕೆ ಇತಿಹಾಸದಲ್ಲೇ ಸುಳಿವುಗಳಿವೆ. 1918ಕ್ಕೆ ಹೋಗೋಣ. ಅಮೆರಿಕದಲ್ಲಿ ಜಾನ್ ಪೆಡರ್ಸನ್ ಎಂಬ ಬಂದೂಕು ತಜ್ಞ ಒಂದು ಗುಟ್ಟಿನ ಸಾಧನ ಮಾಡಿದ್ದ. ಸೈನಿಕರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನ ಬೋಲ್ಟ್ ತೆಗೆದು ಆ ಜಾಗಕ್ಕೆ ಇದನ್ನು ತೂರಿಸಿದರೆ ಸಾಕು. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾಗಿದ್ದ ರೈಫಲ್, ಟ್ರಿಗರ್ ಒತ್ತಿದಾಗಲೆಲ್ಲ ಒಂದೊಂದು ಸಣ್ಣ ಗುಂಡು ಹಾರಿಸುವ ಬಂದೂಕಾಗುತ್ತಿತ್ತು. ಅದರ ಮ್ಯಾಗಜಿನ್‌ನಲ್ಲಿ 40 ಗುಂಡು. 1919ರ ವಸಂತದ ದೊಡ್ಡ ದಾಳಿಗೆ ಅಂತ ಸುಮಾರು 65,000 ಸಾಧನಗಳು ತಯಾರಾದವು. ಆದರೆ ನವೆಂಬರ್ 11ಕ್ಕೆ ಕದನವಿರಾಮವಾಯಿತು, ಆ ದಾಳಿ ನಡೆಯಲೇ ಇಲ್ಲ. ಮುಂದೆ ಸೈನ್ಯವೇ ಅವುಗಳಲ್ಲಿ ಬಹುಪಾಲನ್ನು ನಾಶಮಾಡಿತು. ಬಾರದೇ ಹೋದ ಒಂದು ವರ್ಷದ ಯುದ್ಧಕ್ಕಾಗಿ ಮಾಡಿಟ್ಟ ಆಯುಧ ಅದು. ನಿಮ್ಮ ಪರ್ಯಾಯ ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗಲಾರದು.

ಆದರೆ ಅದೇ ವರ್ಷ ಇನ್ನೊಂದು ಕಡೆ ಏನು ನಡೆಯಿತು ನೋಡಿ. ಕದನವಿರಾಮಕ್ಕೆ ಸರಿಯಾಗಿ ಏಳು ವಾರ ಮೊದಲು, ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಹೈಫಾ ಪಟ್ಟಣವನ್ನು ಗೆದ್ದವು. ಅವರು ಕುದುರೆ ಏರಿ, ಈಟಿ ಹಿಡಿದು, ಫಿರಂಗಿ ಮತ್ತು ಮಶಿನ್‌ಗನ್‌ಗಳ ಎದುರು ನುಗ್ಗಿದ್ದರು. ಅವರ ನೆನಪಿಗೆ ದೆಹಲಿಯ ತೀನ್ ಮೂರ್ತಿ ಇದೆ, ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ಅಂದರೆ ಒಂದೇ ಯುದ್ಧದ ಒಂದೇ ವರ್ಷದಲ್ಲಿ 40 ಗುಂಡಿನ ಗುಟ್ಟಿನ ಸಾಧನವೂ ಇತ್ತು, ಈಟಿಯೂ ಇತ್ತು. ನಿಜವಾದ ಯುದ್ಧದಲ್ಲಿ ಎಲ್ಲರ ಕೈಗೂ ಹೊಸದು ಸಿಗುವುದಿಲ್ಲ. ಇದ್ದದ್ದನ್ನು ಹಿಡಿದು ಹೋಗುವವರೇ ಹೆಚ್ಚು.

ಇನ್ನು ಯುದ್ಧ ಎಳೆದಷ್ಟೂ ಬಂದೂಕಿಗೆ ಏನಾಗುತ್ತದೆ? ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್ ತೆಗೆದುಕೊಳ್ಳಿ. ನಮ್ಮೂರಿನವರ ಬಾಯಲ್ಲಿ ಅದು ‘ತ್ರೀ ನಾಟ್ ತ್ರೀ’. ಮೊದಲ ಮಹಾಯುದ್ಧಕ್ಕೆ ಮುಂಚಿನ ಮಾದರಿಯಲ್ಲಿ ಬಹುದೂರಕ್ಕೆ ಗುರಿ ಹಿಡಿಯುವ ಪಕ್ಕದ ಸೈಟ್ ಇತ್ತು. ಮ್ಯಾಗಜಿನ್‌ನ ಗುಂಡನ್ನು ಉಳಿಸಿಕೊಂಡು ಒಂದೊಂದೇ ತೋಟಾ ಹಾಕಿ ಹೊಡೆಯಲು ಒಂದು ತಗಡಿನ ತಡೆಯಿತ್ತು. ಯುದ್ಧ ಶುರುವಾಗಿ ಎರಡು ವರ್ಷ ಆಗುವಷ್ಟರಲ್ಲಿ ಇವೆರಡೂ ಹೋದವು. ಬೇಗ ಮಾಡಬೇಕು, ಹೆಚ್ಚು ಮಾಡಬೇಕು, ಉಳಿದದ್ದೆಲ್ಲ ಆಮೇಲೆ.

ಜಪಾನಿನ ಟೈಪ್ 99 ರೈಫಲ್‌ನ ಕಥೆ ಇನ್ನೂ ಸ್ಪಷ್ಟ. ಎರಡನೇ ಮಹಾಯುದ್ಧದ ಆರಂಭದ ದಿನಗಳಲ್ಲಿ ಅದರ ನಳಿಗೆಯ ಒಳಗೆ ಕ್ರೋಮ್ ಲೇಪ, ಊರಿ ನಿಲ್ಲಿಸಲು ಒಂಟಿ ಕಾಲು, ವಿಮಾನಕ್ಕೆ ಗುರಿ ಇಡಲು ಸೈಟ್‌ನಲ್ಲಿ ಮಡಚುವ ಕೈಗಳು, ದೂಳು ಬೀಳದಂತೆ ಮುಚ್ಚಳ. ಯುದ್ಧದ ಕೊನೆಗೆ ಬಂದ ಬಂದೂಕುಗಳಲ್ಲಿ ಕ್ರೋಮ್ ಇಲ್ಲ, ಕಾಲಿಲ್ಲ, ಮುಚ್ಚಳವಿಲ್ಲ. ಮೇಲೆ ಕೆಳಗೆ ಸರಿಸಬಹುದಾದ ಸೈಟ್ ಬದಲು ಒಂದು ತೂತು. ಭುಜಕ್ಕೆ ಒತ್ತುವ ಕಡೆ ಲೋಹದ ಬದಲು ಮರದ ತುಂಡು. ಬಂದೂಕನ್ನು ನೋಡಿದರೇ ದೇಶದ ಕಷ್ಟ ಗೊತ್ತಾಗುತ್ತದೆ. ಗೇಮ್‌ನಲ್ಲಿ ಏರುವ ಮೆಟ್ಟಿಲು ಇಲ್ಲಿ ಇಳಿಯುತ್ತದೆ.

‘ಆದರೆ ಯುದ್ಧದಲ್ಲೇ ಅಲ್ಲವೇ ಹೊಸ ಆಯುಧ ಹುಟ್ಟುವುದು?’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇಂದಿನ ಅಸಾಲ್ಟ್ ರೈಫಲ್‌ಗಳಿಗೆ ದಾರಿ ತೋರಿಸಿದ ಜರ್ಮನಿಯ ಸ್ಟುರ್ಮ್‌ಗೆವೆಹರ್ 44 ಹುಟ್ಟಿದ್ದು ಯುದ್ಧದ ನಡುವೆಯೇ. ಕಾಳಗ ಹೆಚ್ಚಾಗಿ ನಡೆಯುವುದು ಕೆಲವು ನೂರು ಮೀಟರ್ ಒಳಗೆ, ಅದಕ್ಕೆ ಗಿಡ್ಡ ತೋಟಾ ಸಾಕು ಎನ್ನುವುದು ಅದರ ಹಿಂದಿನ ಲೆಕ್ಕ. ಆದರೆ ಅದೇ 1944ರಲ್ಲಿ ಅದೇ ಜರ್ಮನಿ 16ರ ಹುಡುಗರಿಂದ 60ರ ಮುದುಕರವರೆಗೆ ಎಲ್ಲರನ್ನೂ ಸೇರಿಸಿ ಫೋಕ್ಸ್‌ಸ್ಟುರ್ಮ್ ಎಂಬ ಪಡೆ ಕಟ್ಟಿತು. ಅವರಿಗೆಂದು ಆತುರಾತುರವಾಗಿ ಒರಟು, ಅಗ್ಗದ ರೈಫಲ್‌ಗಳು ತಯಾರಾದವು. ಚರಿತ್ರೆಯ ಪುಸ್ತಕದಲ್ಲಿ ಹೆಸರು ಉಳಿದದ್ದು ಮೊದಲನೆಯದಕ್ಕೆ. ಮುಗಿಯದ ಯುದ್ಧದಲ್ಲಿ ನಿಮ್ಮ ವಯಸ್ಸಿನವರ ಕೈಗೆ ಬರುವುದು ಎರಡನೆಯದು.

ಇದನ್ನು ಜಾರ್ಜ್ ಆರ್ವೆಲ್ ಚೆನ್ನಾಗಿ ಗ್ರಹಿಸಿದ್ದ. 1949ರಲ್ಲಿ ಬಂದ ಅವನ ‘ನೈಂಟೀನ್ ಎಯ್ಟಿ ಫೋರ್’ ಕಾದಂಬರಿಯಲ್ಲಿ ಮೂರು ಮಹಾರಾಜ್ಯಗಳ ಯುದ್ಧ ನಿಲ್ಲುವುದೇ ಇಲ್ಲ. ದಶಕಗಳು ಕಳೆದರೂ ಅಲ್ಲಿ ಬಳಕೆಯಲ್ಲಿರುವುದು ಹಳೆಯ ರೈಫಲ್, ಹಳೆಯ ಕೈಬಾಂಬುಗಳೇ. ಗೆಲ್ಲುವುದು ಯಾರಿಗೂ ಬೇಕಿಲ್ಲದ ಯುದ್ಧದಲ್ಲಿ ಆಯುಧ ಯಾಕೆ ಬೆಳೆಯಬೇಕು?

ಬಂದೂಕಿನ ಆಯುಷ್ಯ ಮಾತ್ರ ದೊಡ್ಡದು. 1962ರಲ್ಲಿ ಚೀನಾದ ಎದುರು ಹಿಮಾಲಯದಲ್ಲಿ ನಿಂತ ನಮ್ಮ ಸೈನಿಕರಲ್ಲಿ ಬಹುಮಂದಿಯ ಕೈಯಲ್ಲಿದ್ದದ್ದು ಅದೇ ತ್ರೀ ನಾಟ್ ತ್ರೀ. 1980ರ ದಶಕದಲ್ಲಿ ಅಫ್ಘಾನ್ ಗುಡ್ಡಗಳಲ್ಲೂ ಅದು ಕಾಣುತ್ತಿತ್ತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ದಿನ. ಒಪ್ಪಂದಕ್ಕೆ ಸಹಿ ಬಿದ್ದರೂ ಬಂದೂಕಿಗೆ ಅದು ತಿಳಿಯುವುದಿಲ್ಲ. ಅದು ಇನ್ನೊಂದು ಕೈ ಹುಡುಕಿಕೊಂಡು ಹೋಗುತ್ತದೆ. ಎಕೆ-47 ರೂಪಿಸಿದ ಮಿಖಾಯಿಲ್ ಕಲಾಶ್ನಿಕೋವ್ ತನ್ನ ಇಳಿವಯಸ್ಸಿನಲ್ಲಿ ರಷ್ಯಾದ ಧರ್ಮಗುರುವಿಗೆ ಪತ್ರ ಬರೆದು, ತನ್ನ ಬಂದೂಕಿನಿಂದ ಸತ್ತವರ ಹೊಣೆ ತನ್ನದೂ ಹೌದೇ ಅಂತ ನೋವಿನಿಂದ ಕೇಳಿದ್ದ.

ಹಾಗಾದರೆ ಆಯುಧವನ್ನು ಮುಟ್ಟಲೇಬಾರದೇ? ನಮ್ಮ ಕೊಡಗಿನಲ್ಲಿ ಬೇರೊಂದು ನಡೆ ಇದೆ. ಗದ್ದೆ ಕೆಲಸದ ಕಾಲ ಬಂದಾಗ ಕೋವಿಯನ್ನು ಮನೆಯ ದೇವರ ಕೋಣೆಯಲ್ಲಿ ಇಟ್ಟುಬಿಡುವುದು ಅಲ್ಲಿನ ಹಳೆಯ ಪದ್ಧತಿ. ನಾಟಿ ಮುಗಿದ ಮೇಲೆ, ಕೈಲ್ ಮುಹೂರ್ತದ ದಿನ, ಹೊರತೆಗೆದು ತೋಕ್ ಪೂ ಅಂದರೆ ಕೋವಿ ಹೂವಿನಿಂದ ಸಿಂಗರಿಸಿ ಪೂಜೆ ಮಾಡುತ್ತಾರೆ. ಕೊಡವರು ಬಂದೂಕಿನ ಬಗ್ಗೆ ನಾಚಿದವರಲ್ಲ. ಸೈನ್ಯಕ್ಕೆ ಜನರಲ್‌ಗಳನ್ನು ಕೊಟ್ಟವರು. ಆದರೂ ಕೋವಿ ಕೆಳಗಿಡುವುದಕ್ಕೂ ಒಂದು ಕಾಲ ಅಂತ ಇಟ್ಟುಕೊಂಡರು. ನೇಗಿಲು ನಡೆಯುವಾಗ ಕೋವಿ ಮಲಗಿರಬೇಕು. ಮುಗಿಯದ ಯುದ್ಧದಲ್ಲಿ ಇಲ್ಲದೇ ಹೋಗುವುದು ಈ ಕಾಲವೇ. ಅಲ್ಲಿ ನಾಟಿ ಮಾಡಲು ಯಾರಿಗೂ ಬಿಡುವಿಲ್ಲ.

ನೀವು ಗೇಮ್ ಆಡಬೇಡಿ, ಕಥೆ ಬರೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಬರೆಯಿರಿ. ಬರೆಯುವಾಗ ನಿಮ್ಮ ಕಲ್ಪನೆಯ ಬಂದೂಕಿಗೆ ಮೂರು ಪ್ರಶ್ನೆ ಹಾಕಿ. ಇದನ್ನು ಯಾವ ಕಾರ್ಖಾನೆಯಲ್ಲಿ ಯಾರು ಮಾಡಿದರು, ಅವರ ಮನೆಯಲ್ಲಿ ಒಲೆ ಉರಿಯಿತೇ? ಹತ್ತನೇ ವರ್ಷಕ್ಕೆ ಇದರಿಂದ ಯಾವ ಭಾಗ ತೆಗೆದರು, ಇಪ್ಪತ್ತನೇ ವರ್ಷಕ್ಕೆ ಯಾವುದನ್ನು? ಕೊನೆಯದಾಗಿ, ಇದನ್ನು ಕೆಳಗಿಡುವ ಜಾಗ ಆ ಮನೆಯಲ್ಲಿ ಎಲ್ಲಿದೆ? ಈ ಮೂರಕ್ಕೆ ಉತ್ತರ ಬರೆದರೆ ನಿಮ್ಮ ಕಥೆಯೊಳಗೆ ಮನುಷ್ಯರು ತಾವಾಗಿಯೇ ಬಂದು ಕೂರುತ್ತಾರೆ. ಕನ್ನಡದಲ್ಲಿ ಬರೆದರೆ ಇನ್ನೂ ಸಂತೋಷ. ಕಾಗುಣಿತ ಅಲ್ಲಲ್ಲಿ ತಪ್ಪಿದರೂ ಪರವಾಗಿಲ್ಲ, ತಿದ್ದಿಕೊಳ್ಳೋಣ.